ಟೆಂಟಿನಿಂದ ಹೊರಟು ಒಂದು ದಿನ

ಕೇಳುಗರಿಗೆ ನಮಸ್ಕಾರ.

ರಜೆ ಬಂದರೆ ಸಾಕು, ನಾವು ಬೆಳಗಾವಿ ಮಂದಿ ಗಾಡಿಯನ್ನು ಗೋವಾ ಕಡೆಗೇ ತಿರುಗಿಸುತ್ತೇವೆ, ಅಲ್ವಾ? ಈ ಸಲ ಗೋಕರ್ಣಕ್ಕೆ ಹೋಗಿ ನೋಡಿ. ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲೆಯಲ್ಲಿ ಎಡಕ್ಕೆ ಹೊರಳಬೇಕು. ಕಡಲ ಹತ್ತಿರ ಟೆಂಟ್ ಬಾಡಿಗೆಗೆ ಸಿಗುತ್ತದೆ.

ಆದರೆ ನಮಗೊಂದು ಚಟ. ಹೋದದ್ದೇ ಹೋದೆವು, ಇಡಗುಂಜಿ, ಮುರ್ಡೇಶ್ವರ, ಕೊಲ್ಲೂರು ಎಲ್ಲ ಒಂದೇ ದಿನಕ್ಕೆ ಮುಗಿಸೋಣ ಅನ್ನುತ್ತೇವೆ. ಕಡೆಗೆ ನೆನಪಿರುವುದು ಗಾಡಿಯ ಸೀಟು ಮಾತ್ರ. ಒಂದು ಗುಡಿ, ಒಂದು ಕೋಟೆ, ಸಂಜೆಗೆ ಕಡಲು, ಇಷ್ಟು ಸಾಕು.

ಮಹಾಬಲೇಶ್ವರನ ಗುಡಿಗೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಗಂಡಸರು ಪಂಚೆ ಇಟ್ಟುಕೊಂಡಿರಿ. ರಾವಣನ ಕೈಯಿಂದ ಆತ್ಮಲಿಂಗ ಇಸಿದುಕೊಂಡು ನೆಲಕ್ಕಿಟ್ಟ ಗಣಪತಿಯ ಗುಡಿಯೂ ಅಲ್ಲೇ ಪಕ್ಕದಲ್ಲಿದೆ.

ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಮಿರ್ಜಾನ್ ಕೋಟೆ. ರಾಣಿ ಅಂದರೆ ನಮಗೆ ಕಿತ್ತೂರು ಚೆನ್ನಮ್ಮ. ಅವರಿಗಿಂತ ಎರಡು ಶತಮಾನ ಮೊದಲೇ, 16ನೇ ಶತಮಾನದಲ್ಲಿ, ಗೇರುಸೊಪ್ಪೆಯ ಚೆನ್ನಭೈರಾದೇವಿ ಈ ಸೀಮೆ ಆಳುತ್ತಿದ್ದಳು. ಇಲ್ಲಿನ ಕಾಳುಮೆಣಸು ಹಡಗು ಹತ್ತಿ ಹೋಗುತ್ತಿತ್ತು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಕೋಟೆ ಪೂರ್ತಿ ಕೆಂಪು ಚಿರೆಕಲ್ಲಿನದು, ಸುತ್ತ ಕಂದಕ, ಹತ್ತಿರದಲ್ಲೇ ಅಘನಾಶಿನಿ ಹೊಳೆ. ಸುಮ್ನೆ ಫೋಟೊ ತೆಗೆದು ಓಡಬೇಡಿ, ಬುರುಜು ಹತ್ತಿ, ಒಳಗಿನ ಬಾವಿ ನೋಡಿ, ಕಟ್ಟಿಕೊಂಡು ಹೋದ ರೊಟ್ಟಿ-ಶೇಂಗಾ ಚಟ್ನಿಯ ಬುತ್ತಿಯನ್ನು ಹೊರಗೆ ಮರದ ನೆರಳಲ್ಲಿ ಬಿಚ್ಚಿ. ಬರುವಾಗ ಸಾಣಿಕಟ್ಟೆಯ ಉಪ್ಪಿನ ಗದ್ದೆ ಕಂಡರೆ ಗಾಡಿ ನಿಲ್ಲಿಸಿ. ಕಡಲ ನೀರು ಬಿಸಿಲಿಗೆ ಒಣಗಿ ಉಪ್ಪಾಗುವುದನ್ನು ಬಯಲು ಸೀಮೆಯ ಮಕ್ಕಳು ಮತ್ತೆಲ್ಲಿ ನೋಡಬೇಕು?

ಬಿಸಿಲು ಇಳಿದ ಮೇಲೆ ಕುಡ್ಲೆ ಅಥವಾ ಓಂ ಕಡಲತೀರ. ಓಂ ಬೀಚಿನಲ್ಲಿ ಬಂಡೆ ಜಾಸ್ತಿ, ಪಾಚಿಗೆ ಕಾಲು ಜಾರುತ್ತದೆ. ಘಟಪ್ರಭೆಯಲ್ಲಿ ಈಜಿದ ಧೈರ್ಯ ಇಲ್ಲಿ ನಡೆಯುವುದಿಲ್ಲ. ಸುತ್ತ ಅಲೆ ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ ಕಂಡರೆ, ಅಲ್ಲಿ ಇಳಿಯಬೇಡಿ, ನೀರು ಒಳಕ್ಕೆ ಎಳೆಯುವುದು ಹೆಚ್ಚಾಗಿ ಅಂಥಲ್ಲೇ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡದೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬನ್ನಿ. ಈಜು ಬಾರದವರು ಮೊಣಕಾಲಿನ ನೀರು ದಾಟಬಾರದು.

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಈ ಯೋಚನೆಯೇ ಬೇಡ. ಶಿವರಾತ್ರಿ ತೇರಿನ ಹೊತ್ತಿಗೆ ಹೋಗುವುದಾದರೆ ಟೆಂಟನ್ನು ಮುಂಚೆಯೇ ಗೊತ್ತು ಮಾಡಿಕೊಳ್ಳಿ, ಆಗ ಊರಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ನಮಸ್ಕಾರ.