ತಿರುವಿನ ಗರ್ಡರ್: ಕಂಪ್ಯೂಟರ್ ಲೆಕ್ಕ ಎಲ್ಲಿ ಕೈಕೊಡುತ್ತದೆ

ಗೆಳೆಯರೇ, ನಮಸ್ಕಾರ.

ಹೆಬ್ಬಾಳ ಮೇಲ್ಸೇತುವೆಯ ಲೂಪ್ ನಾವೆಲ್ಲ ಹತ್ತಿಳಿದಿದ್ದೇವೆ. ಅಂಥ ತಿರುವಿನಲ್ಲಿ ಗರ್ಡರ್ (ರಸ್ತೆಯನ್ನು ಹೊರುವ ಉದ್ದನೆಯ ತೊಲೆ) ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ ಕೂಡ. ನೇರ ಗರ್ಡರಿನಲ್ಲಿ ಭಾರ ನಡುಗೆರೆಯ ಮೇಲಿದ್ದರೆ ಟಾರ್ಶನ್, ಅಂದರೆ ತಿರುಚುವ ಬಲ, ಬರುವುದಿಲ್ಲ. ತಿರುವಿನಲ್ಲಿ ಅದನ್ನು ತಪ್ಪಿಸಲಾಗದು: ಬೆಂಡಿಂಗ್ ಮೊಮೆಂಟನ್ನು (ಬಾಗಿಸುವ ಬಲದ ಅಳತೆ) ತಿರುವಿನ ತ್ರಿಜ್ಯದಿಂದ ಭಾಗಿಸಿದರೆ ಎಷ್ಟೋ, ಮೀಟರಿಗೆ ಅಷ್ಟರಂತೆ ಟಾರ್ಶನ್ ಬದಲಾಗುತ್ತದೆ.

ಸಾಫ್ಟ್‌ವೇರ್ ತೆರೆಯುವ ಮುಂಚೆ ಒಂದು ಕೈಲೆಕ್ಕ ಮಾಡೋಣ. ತ್ರಿಜ್ಯ 60 ಮೀಟರ್, ತಿರುವಿನ ಗುಂಟ ಉದ್ದ 30 ಮೀಟರ್, ಒಂದೇ ಸ್ಪ್ಯಾನ್ (ನಡುವೆ ಕಂಬವಿಲ್ಲ). ಎರಡು ತುದಿಗಳ ನಡುವೆ ದಾರ ಎಳೆದರೆ ಗರ್ಡರಿನ ತೂಕದ ಕೇಂದ್ರ ಆ ದಾರದಿಂದ 1.24 ಮೀಟರ್ ಹೊರಗಿರುತ್ತದೆ. ಪ್ರತಿ ತುದಿಯಲ್ಲಿ 2 ಮೀಟರ್ ಅಂತರದಲ್ಲಿ ಎರಡು ಬೇರಿಂಗ್ (ಗರ್ಡರ್ ಕೂರುವ ಆಧಾರದ ಗದ್ದಿಗೆ) ಇಟ್ಟಿದ್ದೀರಿ ಎನ್ನಿ. ಹೊರಬದಿಯ ಬೇರಿಂಗ್‌ಗಳನ್ನು ಸೇರಿಸುವ ಗೆರೆ ದಾರದಿಂದ 0.97 ಮೀಟರಿಗೇ ಮುಗಿಯಿತು. ತೂಕ ಅದರಾಚೆ ಇದೆ. ಒಳಬದಿಯ ಎರಡು ಬೇರಿಂಗ್‌ಗಳನ್ನು ಮೇಲೇಳದಂತೆ ಹಿಡಿಯಲು ಒಟ್ಟು ತೂಕದ ಶೇ. 14ರಷ್ಟು ಬಲ ಬೇಕು. ಅಂತರ 3 ಮೀಟರ್ ಮಾಡಿದರೆ ಅವೆರಡರ ಮೇಲೆ ಶೇ. 7ರಷ್ಟು ಭಾರ ಕೂರುತ್ತದೆ. ಇದೂ ವಾಹನ ಬರುವ ಮುಂಚಿನ ಮಾತು. ಹೊರಗಿನ ಲೇನ್ ತುಂಬಿದರೆ ಅದು ಇನ್ನೂ ಇಳಿಯುತ್ತದೆ.

ಇಷ್ಟು ದೊಡ್ಡ ಸಂಗತಿ ಮಾಡೆಲ್‌ನಲ್ಲಿ ಕಾಣದೆ ಹೋಗುವುದು ಹೇಗೆ? ತುದಿಯ ನಡುವೆ ಒಂದೇ ಸಪೋರ್ಟ್ ಕೊಟ್ಟು ತಿರುಚುವಿಕೆಯನ್ನು ಲಾಕ್ ಮಾಡಿದರೆ ಸಾಕು. ಆಧಾರಗಳು ಕೊಡುವ ಲಂಬ ಎದುರುಬಲಗಳು, ಅಂದರೆ ರಿಯಾಕ್ಷನ್‌ಗಳೆಲ್ಲ ಪಾಸಿಟಿವ್ ಬರುತ್ತವೆ, ಏಳುವ ಬಲ ಟಾರ್ಶನ್ ರಿಯಾಕ್ಷನ್ನಿನೊಳಗೆ ಅಡಗಿ ಕೂರುತ್ತದೆ. ಬೇರಿಂಗ್ ಇರುವ ಜಾಗದಲ್ಲೇ ಎರಡು ಸಪೋರ್ಟ್ ಇಡಿ, ಬಾಗದ ಕೊಂಡಿಯಿಂದ (ರಿಜಿಡ್ ಲಿಂಕ್) ಗರ್ಡರಿಗೆ ಜೋಡಿಸಿ, ಅವು ಒತ್ತಡವನ್ನಷ್ಟೇ ಹೊರುವಂತೆ ಮಾಡಿ.

ಇನ್ನು ತಿರುವನ್ನು ನೇರ ತುಂಡುಗಳಿಂದ ಕಟ್ಟುವ ಮಾಡೆಲ್. ಇದೇ ಗರ್ಡರನ್ನು 10 ತುಂಡು ಮಾಡಿದರೆ ಪ್ರತಿ ನೋಡಿನಲ್ಲಿ (ತುಂಡುಗಳು ಸೇರುವ ಬಿಂದು) 0.05 ರೇಡಿಯನ್ ಮುರಿವು. ಅಲ್ಲಿ ಟಾರ್ಶನ್ ಒಮ್ಮೆಲೇ ಬೆಂಡಿಂಗ್ ಮೊಮೆಂಟಿನ ಶೇ. 5ರಷ್ಟು ನೆಗೆಯುತ್ತದೆ, ಚಿತ್ರ ಮೆಟ್ಟಿಲಿನಂತೆ ಕಾಣುತ್ತದೆ. ಗಾಬರಿ ಬೇಡ, ತುಂಡಿನ ನಡುವಿನ ಬೆಲೆ ಓದಿ. ಆದರೆ 4 ತುಂಡಿಗೆ ಇಳಿದರೆ ಆ 1.24 ಮೀಟರಿನಲ್ಲೇ ಸುಮಾರು 80 ಮಿಲಿಮೀಟರ್ ಕಳೆದುಹೋಗುತ್ತದೆ, ಅದೂ ಅಪಾಯದ ದಿಕ್ಕಿಗೆ.

ಹಾಗಾದರೆ ಬಾಗಿದ ಎಲಿಮೆಂಟನ್ನೇ (ಮಾಡೆಲಿನ ಒಂದು ತುಂಡು) ಬಳಸೋಣ ಎನ್ನಬಹುದು. ಕಮಾನು, ಉಂಗುರಗಳಲ್ಲಿ ಅದಕ್ಕೂ ಒಂದು ರೋಗವಿದೆ: ಮೆಂಬ್ರೇನ್ ಲಾಕಿಂಗ್. ತೆಳು ಕಮಾನು ಹಿಗ್ಗದೆ ಬಾಗಬೇಕಾದರೆ, ತ್ರಿಜ್ಯದ ದಿಕ್ಕಿನ ಸರಿತವನ್ನು (ಬಿಂದು ಸರಿಯುವ ದೂರ) ತ್ರಿಜ್ಯದಿಂದ ಭಾಗಿಸಿದ್ದನ್ನು ಉದ್ದದ ದಿಕ್ಕಿನ ಸರಿತದ ಇಳಿಜಾರು ಎಲ್ಲ ಕಡೆಯೂ ಸರಿದೂಗಿಸಬೇಕು. ಮೊದಲನೆಯದಕ್ಕೆ ಘನ ಬಹುಪದಿ, ಎರಡನೆಯದಕ್ಕೆ ಸರಳರೇಖೆ ಕೊಟ್ಟರೆ ಇದು ಆಗದ ಮಾತು. ಎಲಿಮೆಂಟ್ ಸುಳ್ಳೇ ಹಿಗ್ಗುತ್ತದೆ. ತ್ರಿಜ್ಯ ದಪ್ಪದ 50 ಪಟ್ಟಿದ್ದರೆ ಆ ಹಿಗ್ಗನ್ನು ತಡೆಯುವ ಬಿಗಿತ ಬಾಗುವಿಕೆಯ ಬಿಗಿತದ ಸುಮಾರು 30,000 ಪಟ್ಟು. ಹಾಗಾಗಿ ಕಮಾನು ಮರಗಟ್ಟಿದಂತೆ ನಿಲ್ಲುತ್ತದೆ. ಹಿಗ್ಗಿನ ಭಾಗವನ್ನು ಕಡಿಮೆ ಗೌಸ್ ಬಿಂದುಗಳಲ್ಲಿ (ಎಲಿಮೆಂಟಿನೊಳಗೆ ಲೆಕ್ಕಕ್ಕೆ ಆಯ್ದ ಬಿಂದುಗಳು) ಇಂಟಿಗ್ರೇಟ್ ಮಾಡುವುದು ಅಥವಾ ಉದ್ದದ ಸರಿತಕ್ಕೂ ಮೇಲಿನ ದರ್ಜೆಯ ಬಹುಪದಿ ಕೊಡುವುದು ಇದಕ್ಕೆ ಮದ್ದು.

ಪರೀಕ್ಷೆ ಸುಲಭ. ಲಂಬ ಸಮತಲದಲ್ಲಿ ಕಾಲು ವೃತ್ತದ ಕ್ಯಾಂಟಿಲಿವರ್ (ಒಂದೇ ತುದಿ ಬಿಗಿದ ತೊಲೆ): ತ್ರಿಜ್ಯ 10 ಮೀಟರ್, ಅಗಲ 300, ದಪ್ಪ 200 ಮಿಲಿಮೀಟರ್, ಯಂಗ್ಸ್ ಮಾಡ್ಯುಲಸ್ (ವಸ್ತುವಿನ ಬಿಗಿತದ ಅಳತೆ) 30 ಗಿಗಾಪಾಸ್ಕಲ್. ಬಿಡುತುದಿಯಲ್ಲಿ ತ್ರಿಜ್ಯದ ದಿಕ್ಕಿಗೆ 100 ನ್ಯೂಟನ್ ಹಾಕಿದರೆ ತುದಿ ಅದೇ ದಿಕ್ಕಿಗೆ 13.1 ಮಿಲಿಮೀಟರ್ ಸರಿಯಬೇಕು. ನಾಲ್ಕೆಂಟು ಎಲಿಮೆಂಟುಗಳಲ್ಲಿ ಉತ್ತರ ಇದಕ್ಕಿಂತ ಬಹಳ ಕಡಿಮೆ ಬಂದರೆ, ಮೆಶ್ (ತುಂಡುಗಳ ಜಾಲ) ಸಣ್ಣದು ಮಾಡುತ್ತ ಕೂರುವ ಬದಲು ಎಲಿಮೆಂಟನ್ನೇ ಬದಲಿಸಿ.