ಹಂಪ್ ನಮ್ಮ ಬೀದಿಗೆ ಇರಲಿ, ಅವರ ಬೀದಿಗೆ ಬೇಡ

ಕೇಳುಗರಿಗೆ ನಮಸ್ಕಾರ.

ಗಾಡಿ ಓಡಿಸುವ ಯಾರನ್ನಾದರೂ ಹಂಪ್ ಬಗ್ಗೆ ಮಾತಿಗೆಳೆಯಿರಿ. ಮೊದಲು ಬರುವುದು ಬೈಗುಳ. ಸೊಂಟ ಹೋಯ್ತು, ಸಸ್ಪೆನ್ಷನ್ ಹೋಯ್ತು, ಇದನ್ನ ಹಾಕಿದವನ ಕೈ ಸೇದಿಹೋಗ. ಅದೇ ಮನುಷ್ಯನನ್ನು ‘ನಿಮ್ಮ ಮನೆ ಮುಂದೆ ಗಾಡಿಗಳು ಹೇಗೆ ಹೋಗ್ತವೆ?’ ಅಂತ ಕೇಳಿ ನೋಡಿ. ‘ಅಯ್ಯೋ, ಏನು ಸ್ಪೀಡು ಸಾರ್! ಒಂದು ಹಂಪ್ ಆದ್ರೂ ಹಾಕಬಾರದಾ?’ ಅನ್ನುತ್ತಾರೆ.

ಬೇರೆಯವರ ಮಾತೇಕೆ, ನಾನೂ ಅದೇ ಗುಂಪಿನವನು. ನಮ್ಮ ಬೀದಿಗೆ ಹಂಪ್ ಬೇಕು ಅನ್ನುವ ಅರ್ಜಿಗೆ ಮೊದಲ ಸಹಿ ನನ್ನದು. ಹಂಪ್ ಬಂತು. ಒಂದು ವಾರ ಖುಷಿಯೋ ಖುಷಿ. ಆಮೇಲೆ ಶುರುವಾಯಿತು ರಾತ್ರಿಯ ಸದ್ದು. ಖಾಲಿ ಲಾರಿ ಹಾದಾಗಲೆಲ್ಲ ಹಿಂದಿನ ಬಾಗಿಲು, ಸರಪಳಿ, ತಗಡು ಎಲ್ಲ ಒಟ್ಟಿಗೆ ಧಡಾರ್ ಅನ್ನುತ್ತವೆ. ಈಗ ಅದನ್ನು ನಾಲ್ಕು ಮನೆ ಆಚೆಗೆ ಸರಿಸಬಹುದಾ ಅಂತ ನನ್ನ ಯೋಚನೆ.

ವೇಗ ತಗ್ಗಿಸುವ ಈ ಚಿಂತೆ ಹೊಸದೇನಲ್ಲ. ಎಕ್ಸ್-ರೇ ಎಲೆಕ್ಟ್ರಾನ್‌ಗೆ ಬಡಿದು ಚದುರುವುದನ್ನು ವಿವರಿಸಿ 1927ರಲ್ಲಿ ನೊಬೆಲ್ ಪಡೆದ ಆರ್ಥರ್ ಕಾಂಪ್ಟನ್ ಅವರಿಗೂ ಇದೇ ತಲೆನೋವು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದರು. ಆವರಣದಲ್ಲಿ ಕಾರುಗಳು ನುಗ್ಗಿ ಹೋಗುವುದನ್ನು ನೋಡಿ ಬೇಸತ್ತು, 1953ರಲ್ಲಿ ತಾವೇ ರಸ್ತೆಯುಬ್ಬು ಒಂದನ್ನು ರೂಪಿಸಿದರು. ನೊಬೆಲ್ ಪಡೆದವರ ಕೈಯಿಂದ ಬಂದ ಹಂಪ್! ಅದನ್ನು ದಾಟಿದವರು ಆಗಲೂ ಬೈದೇ ಇರುತ್ತಾರೆ ಬಿಡಿ.

ಚಾಲಕರ ಬೈಗುಳದಲ್ಲಿ ನಿಜ ಎಷ್ಟು? ಸಾಕಷ್ಟಿದೆ. ನಾವು ಹಂಪ್ ಅಂತ ಕರೆಯುವುದರಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ಅಡ್ಡ ಮಲಗಿದ ಹೆಬ್ಬಾವಿನ ಹಾಗೆ ಕಿರಿದಾಗಿ, ಕಡಿದಾಗಿ ಎದ್ದು ನಿಂತದ್ದು. ಇನ್ನೊಂದು, ಅಗಲವಾಗಿ ಏರಿ ನಿಧಾನವಾಗಿ ಇಳಿಯುವುದು. 1970ರ ದಶಕದಲ್ಲಿ ಬ್ರಿಟನ್‌ನ ಸಂಶೋಧಕ ವಾಟ್ಸ್ ನಾನಾ ಆಕಾರದ ಉಬ್ಬುಗಳ ಮೇಲೆ ಗಾಡಿ ಓಡಿಸಿ ಪರೀಕ್ಷೆ ಮಾಡಿದರು. ಕಿರಿದಾದ ಉಬ್ಬಿನಲ್ಲಿ ಒಂದು ವಿಚಿತ್ರ ಇದೆ. ಮೆಲ್ಲಗೆ ಹೋದವನಿಗೆ ಕುಲುಕಾಟ ಜಾಸ್ತಿ. ಜೋರಾಗಿ ಹೋದರೆ ಚಕ್ರ, ಸ್ಪ್ರಿಂಗ್ ಪೆಟ್ಟನ್ನು ನುಂಗಿಬಿಡುತ್ತವೆ, ಮೈಗೆ ಅಷ್ಟು ತಟ್ಟುವುದಿಲ್ಲ. ‘ಜೋರಾಗಿ ಹಾರಿಸಿದ್ರೆ ಗೊತ್ತೇ ಆಗಲ್ಲ’ ಅನ್ನುವ ಹುಡುಗರ ಮಾತು ಬರೀ ಜಂಬ ಅಲ್ಲ. ಅಂದರೆ ಆ ಹಂಪ್ ನಿಯಮ ಪಾಲಿಸಿದವನಿಗೇ ಶಿಕ್ಷೆ ಕೊಡುತ್ತದೆ! ಗಾಡಿ ಸಾಗುವ ದಿಕ್ಕಿನಲ್ಲಿ ಸುಮಾರು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ದುಂಡು ಉಬ್ಬು ಇದರ ತದ್ವಿರುದ್ಧ. ಮೆಲ್ಲಗೆ ಹೋದರೆ ಸುಖ, ವೇಗ ಹೆಚ್ಚಿದಷ್ಟೂ ಕಷ್ಟ. ಇಂಥದ್ದನ್ನು ಬೈಯುವ ಚಾಲಕ ನನಗೆ ಸಿಕ್ಕಿದ್ದು ಕಡಿಮೆ.

ಬಣ್ಣ ಇಲ್ಲದ, ಮುಂಚೆ ಬೋರ್ಡ್ ಇಲ್ಲದ ಹಂಪ್ ವಿಷಯಕ್ಕೆ ಬಂದರೆ ನಾನು ಪೂರ್ತಿ ಚಾಲಕರ ಪಕ್ಷ. ಕಾರಿನವನಿಗೆ ತಲೆ ಮೇಲೆ ತಟ್ಟುತ್ತದೆ, ಅಷ್ಟೇ. ರಾತ್ರಿ ಮಳೆಯಲ್ಲಿ ಬೈಕಿನವನು ನೆಲಕ್ಕೇ ಬೀಳುತ್ತಾನೆ. ಬಸ್ಸಿನ ಕೊನೆ ಸೀಟಿನವರನ್ನೂ ಕೇಳಬೇಕು. ಆ ಸೀಟು ಹಿಂದಿನ ಚಕ್ರಕ್ಕಿಂತ ಆಚೆ ಇರುತ್ತದೆ, ಏತದ ತುದಿಯ ಹಾಗೆ ಎತ್ತಿ ಕುಕ್ಕುತ್ತದೆ. ಆಂಬುಲೆನ್ಸ್ ಓಡಿಸುವವರ ದೂರು ಎಲ್ಲಕ್ಕಿಂತ ಗಂಭೀರ. ಅವರಿಗೆ ಪ್ರತಿ ಹಂಪ್‌ನಲ್ಲೂ ಸಮಯ ಹೋಗುತ್ತದೆ, ಒಳಗೆ ಮಲಗಿದವರಿಗೆ ನೋವು ಬೇರೆ. ಇದಕ್ಕಾಗಿಯೇ ಕೆಲವು ಕಡೆ ಉಬ್ಬನ್ನು ದಿಂಬಿನ ಹಾಗೆ ತುಂಡು ತುಂಡಾಗಿ ಹಾಕುತ್ತಾರೆ. ಅಗಲ ಜಾಸ್ತಿ ಇರುವ ದೊಡ್ಡ ಗಾಡಿಯ ಚಕ್ರಗಳು ಅದರ ಎರಡೂ ಪಕ್ಕ ಹಾದುಹೋಗುತ್ತವೆ, ಕಾರು ಮಾತ್ರ ಮೇಲೆ ಹತ್ತಲೇಬೇಕು.

ನೋವು ಅಂದಾಗ ನೆನಪಾಯಿತು. 2012ರಲ್ಲಿ ಬ್ರಿಟನ್‌ನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಅಪೆಂಡಿಸೈಟಿಸ್ ಖಚಿತವಾದ 34 ರೋಗಿಗಳಲ್ಲಿ 33 ಮಂದಿಗೆ ಆಸ್ಪತ್ರೆಗೆ ಬರುವ ದಾರಿಯ ಹಂಪ್ ಮೇಲೆ ಹೊಟ್ಟೆನೋವು ಹೆಚ್ಚಾಗಿತ್ತಂತೆ. ಹಂಪ್ ಮೇಲೆ ನೋವು ಹೆಚ್ಚಾಯಿತಾ ಅಂತ ಕೇಳಿದರೆ ವೈದ್ಯರಿಗೆ ರೋಗದ ಸುಳಿವು ಸಿಗುತ್ತದೆ, ಹಂಪ್‌ಗೆ ಇಂಥ ಉಪಯೋಗವೂ ಇದೆ.

ಇನ್ನು ವೇಗದ ಮಿತಿ. ‘ಗಂಟೆಗೆ 30 ಕಿಲೋಮೀಟರಾ? ಅದಕ್ಕಿಂತ ಇಳಿದು ನಡೆಯೋದೇ ವಾಸಿ’ ಅನ್ನುತ್ತಾರೆ. ಇಲ್ಲಿ ಮಾತ್ರ ನಾನು ಚಾಲಕರ ಜೊತೆ ಇಲ್ಲ. ಒಂದು ಕಿಲೋಮೀಟರಿಗೆ 50ರಲ್ಲಿ 72 ಸೆಕೆಂಡ್ ಬೇಕು, 30ರಲ್ಲಿ 120 ಸೆಕೆಂಡ್. ಉಳಿಯುವುದು 48 ಸೆಕೆಂಡ್. ಅದನ್ನೂ ಮುಂದಿನ ಸಿಗ್ನಲ್ ನುಂಗುತ್ತದೆ. ಈಗ ರಸ್ತೆಗೆ ಮಗುವೊಂದು ಓಡಿಬಂತು ಅಂತಿಟ್ಟುಕೊಳ್ಳಿ. ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡಾದರೂ ಬೇಕು. ಒಣ ರಸ್ತೆಯಲ್ಲಿ 30ರ ಕಾರು ಸುಮಾರು 13 ಮೀಟರಿನಲ್ಲಿ ನಿಂತೇಬಿಡುತ್ತದೆ. 50ರ ಕಾರು ಅದೇ 13 ಮೀಟರ್ ದಾಟುವ ಹೊತ್ತಿಗೆ ಚಾಲಕನ ಕಾಲು ಇನ್ನೂ ಬ್ರೇಕಿನ ಮೇಲೆ ಕೂತಿರುವುದಿಲ್ಲ.

ಆದರೂ ಸಿಟ್ಟು ಬರುತ್ತದೆ. ಬ್ರಿಟನ್‌ನ ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್ 17ರಿಂದ ಊರೊಳಗಿನ ಬಹುಪಾಲು ರಸ್ತೆಗಳಿಗೆ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್ ಮಿತಿ ಬಂತು. ಅದನ್ನು ತೆಗೆಯಿರಿ ಅನ್ನುವ ಮನವಿಗೆ 4 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.

ಚಾಲಕರ ಅಭಿಪ್ರಾಯವನ್ನು ಬಾಯಿಂದಲ್ಲ, ಕಾಲಿಂದ ಕೇಳುವ ಪದ್ಧತಿಯೂ ಉಂಟು. ಅಮೆರಿಕದ ಎಂಜಿನಿಯರುಗಳು ಬಹಳ ಕಾಲ ಹಾಗೇ ಮಾಡಿದರು. ಖಾಲಿ ರಸ್ತೆಯಲ್ಲಿ ನೂರರಲ್ಲಿ 85 ಗಾಡಿಗಳು ಯಾವ ವೇಗದ ಒಳಗೆ ಹೋಗುತ್ತವೋ, ಹೆಚ್ಚುಕಡಿಮೆ ಅದೇ ಮಿತಿ. ಕೇಳೋಕೆ ಪ್ರಜಾಪ್ರಭುತ್ವದ ಹಾಗಿದೆ, ಅಲ್ವಾ? ಆದರೆ ರಸ್ತೆ ದಾಟುವ ಅಜ್ಜಿಗೆ ಅದರಲ್ಲಿ ವೋಟಿಲ್ಲ.

ಇದರಲ್ಲೂ ಒಂದು ತಿರುಳಿದೆ. ಅಗಲವಾದ, ನೇರವಾದ, ನುಣ್ಣಗಿನ ರಸ್ತೆ ಮಾಡಿ, ಪಕ್ಕದಲ್ಲಿ 30 ಅಂತ ಬೋರ್ಡ್ ನೆಟ್ಟರೆ ಏನಾಗುತ್ತದೆ? ಬೋರ್ಡ್ 30 ಅನ್ನುತ್ತದೆ, ರಸ್ತೆ 60 ಅನ್ನುತ್ತದೆ. ಕಾಲು ರಸ್ತೆಯ ಮಾತು ಕೇಳುತ್ತದೆ. ರಸ್ತೆ ಕಿರಿದಾಗಿದ್ದು, ಅಂಚಿಗೆ ಮರಗಳಿದ್ದು, ಅಲ್ಲಲ್ಲಿ ತಿರುವಿದ್ದರೆ ಯಾರೂ ಹೇಳದೆಯೇ ಕಾಲು ಸಡಿಲವಾಗುತ್ತದೆ. ನನ್ನನ್ನು ಕೇಳಿದರೆ, ಎಷ್ಟೋ ಹಂಪ್‌ಗಳು ರಸ್ತೆ ಕಟ್ಟಿದವರ ತಪ್ಪಿಗೆ ಆಮೇಲೆ ಹಚ್ಚಿದ ತೇಪೆ. ಚಾಲಕರು ತೇಪೆಯನ್ನು ಬೈಯುತ್ತಾರೆ, ಬಟ್ಟೆಯನ್ನು ನೋಡುವುದಿಲ್ಲ.

ನಮ್ಮ ಬೀದಿಯ ಹಂಪ್‌ಗೆ ಈಗ ಬಣ್ಣ ಮಾಸಿದೆ. ಮೊನ್ನೆ ರಾತ್ರಿ ತಡವಾಗಿ ಬರುತ್ತಾ ನಾನೇ ಮರೆತು ಅದರ ಮೇಲೆ ಕಾರು ಹಾರಿಸಿದೆ. ಎದುರುಮನೆಯ ಲೈಟ್ ಹತ್ತಿತು. ಕಿಟಕಿಯಿಂದ ಯಾರೋ ಏನೋ ಬೈದರು. ಅರ್ಜಿಯಲ್ಲಿ ಎರಡನೇ ಸಹಿ ಅವರದ್ದೇ. ನಾನು ಮಾತಾಡದೆ ಗೇಟ್ ಹಾಕಿಕೊಂಡೆ.

ನಮಸ್ಕಾರ.