ಅಂಗೈಯಲ್ಲಿ ಹಿಡಿಸುವ ಒಂದು ಕೊಲೆ

ಕೇಳುಗರೆಲ್ಲರಿಗೂ ನಮಸ್ಕಾರ.

1478ರ ಏಪ್ರಿಲ್ 26, ಭಾನುವಾರ. ಇಟಲಿಯ ಫ್ಲಾರೆನ್ಸ್‌ನ ದೊಡ್ಡ ಚರ್ಚಿನಲ್ಲಿ ಬಲಿಪೂಜೆ, ಅಂದರೆ ಕ್ರೈಸ್ತರ ಮಾಸ್ ಪ್ರಾರ್ಥನೆ, ನಡೆಯುತ್ತಿತ್ತು. ಪಾಟ್ಸಿ ಮನೆತನದ ಕಡೆಯವರು, ಊರನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಎದುರಾಳಿ ಮೆಡಿಚಿ ಮನೆತನದ ಅಣ್ಣತಮ್ಮಂದಿರ ಮೇಲೆ ಕತ್ತಿ ಹಿಡಿದು ಮುಗಿಬಿದ್ದರು. ತಮ್ಮ ಜೂಲಿಯಾನೊ ಅಲ್ಲೇ ಸತ್ತ. ಅಣ್ಣ ಲೊರೆಂಜೊನ ಕುತ್ತಿಗೆಗೆ ಗಾಯವಾಯಿತು. ಆದರೂ ಪಕ್ಕದ ಕೋಣೆಗೆ ಓಡಿ, ಬಾಗಿಲು ಹಾಕಿಕೊಂಡು ಬದುಕಿಕೊಂಡ.

ಅದೇ ವರ್ಷ ಬೆರ್ಟೋಲ್ಡೊ ಎಂಬ ಶಿಲ್ಪಿ ಇದನ್ನೆಲ್ಲ ಒಂದು ಕಂಚಿನ ಪದಕದಲ್ಲಿ ರೂಪಿಸಿದ. ಅಗಲ ಸುಮಾರು ಆರೂವರೆ ಸೆಂಟಿಮೀಟರ್, ಅಷ್ಟೇ.

ಒಂದು ಮುಖದಲ್ಲಿ ಚರ್ಚಿನೊಳಗೆ ಪೂಜೆಯ ಜಾಗವನ್ನು ಸುತ್ತುವರಿದ ಎಂಟು ಮೂಲೆಯ ಕಟಾಂಜನವಿದೆ. ಒಳಗೆ ಪೂಜೆ ಸಾಗಿದೆ, ಹೊರಗೆ ಇರುವೆಯಂಥ ಪುಟ್ಟ ಮನುಷ್ಯರು ಬಡಿದಾಡುತ್ತಿದ್ದಾರೆ. ಅವರೆಲ್ಲರ ಮೇಲೆ ಬೆಟ್ಟದ ಹಾಗೆ ಲೊರೆಂಜೊನ ತಲೆ. ಅವನ ಹೆಸರಿನ ಜೊತೆಗೆ ಲ್ಯಾಟಿನ್ನಿನಲ್ಲಿ ಎರಡು ಪದ: 'ಜನರ ಕ್ಷೇಮ'. ತಿರುಗಿಸಿದರೆ ಅದೇ ಕಟಾಂಜನ, ಈಗ ಜೂಲಿಯಾನೊನ ತಲೆ. ಅಲ್ಲಿರುವುದು 'ಜನರ ಶೋಕ'.

ಸತ್ತದ್ದು ಒಂದು ಮನೆಯ ಮಗ. ಆದರೆ ಪದಕ ಹೇಳುವುದು ಇಡೀ ಊರೇ ಅಳುತ್ತಿದೆ ಅಂತ. ನನ್ನ ಮಟ್ಟಿಗೆ ಕಲೆ ರಾಜಕೀಯವಾಗುವುದು ಈ ಎರಡು ಪದಗಳಲ್ಲೇ. ಫ್ಲಾರೆನ್ಸ್ ಹೆಸರಿಗೆ ಗಣರಾಜ್ಯ, ಲೊರೆಂಜೊ ದೊರೆಯಲ್ಲ. ಅಲ್ಲಿನ ಚಿನ್ನದ ಫ್ಲೋರಿನ್ ನಾಣ್ಯದ ಮೇಲೆ ಇದ್ದದ್ದು ಲಿಲಿ ಹೂ ಮತ್ತು ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸಂತ ಸ್ನಾನಿಕ ಯೊವಾನ್ನರ ಚಿತ್ರ. ಅಲ್ಲಿ ಮೆಡಿಚಿಗಳ ಮುಖಕ್ಕೆ ಜಾಗವಿರಲಿಲ್ಲ. ಪದಕಕ್ಕೆ ಆ ಕಟ್ಟುಪಾಡಿಲ್ಲ. ಅದರಿಂದ ಸಂತೆಯಲ್ಲಿ ಏನೂ ಕೊಳ್ಳಲಾಗದು, ಆದರೆ ಕೈಯಿಂದ ಕೈಗೆ ಕೊಡಬಹುದು ಅಲ್ವಾ?

ಈ ದಾರಿಯನ್ನು ಆಮೇಲೆ ದೊಡ್ಡ ದೊಡ್ಡವರೂ ಹಿಡಿದರು. ಫ್ರಾನ್ಸಿನ ಹದಿನಾಲ್ಕನೇ ಲೂಯಿ ತನ್ನ ಆಳ್ವಿಕೆಯನ್ನೇ ಪದಕಗಳಲ್ಲಿ ಬರೆಸಿದ, ಅದಕ್ಕೆಂದೇ ವಿದ್ವಾಂಸರ ಒಂದು ಕೂಟ ಇತ್ತು. ಅದಕ್ಕೂ ಮುಂಚೆ, 1572ರಲ್ಲಿ, ಪ್ಯಾರಿಸ್ಸಿನಲ್ಲಿ ಪೋಪರನ್ನು ಒಪ್ಪದ ಕ್ರೈಸ್ತರಾದ ಪ್ರಾಟೆಸ್ಟೆಂಟರನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದಾಗ ಪೋಪ್ ಹದಿಮೂರನೇ ಗ್ರೆಗರಿ ಸಂಭ್ರಮದ ಪದಕ ಮಾಡಿಸಿದರು. ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಕತ್ತಿ ಹಿಡಿದ ದೇವದೂತ, ಮುಂದೆ ಬಿದ್ದ ಹೆಣಗಳು. ಎಷ್ಟು ನಾಜೂಕಿನ ಕೆಲಸ! ಅದಕ್ಕೇ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಫ್ಲಾರೆನ್ಸ್‌ನಲ್ಲಿ ಪಾಟ್ಸಿಗಳ ಹೆಸರನ್ನೂ ಲಾಂಛನವನ್ನೂ ಊರಿಂದಲೇ ಅಳಿಸಬೇಕೆಂದು ಆಜ್ಞೆಯಾಯಿತು. ಬೆರ್ಟೋಲ್ಡೊನ ಪದಕದಲ್ಲೂ ಅವರ ಹೆಸರಿಲ್ಲ. ಎತ್ತಿದ ಕತ್ತಿಗಳು ಮಾತ್ರ ಇವೆ, ಉಗುರಿನಷ್ಟು ಸಣ್ಣವು.

ನಮಸ್ಕಾರ.